ಗೌತಮಪುರದ ಫುಟ್‌ಬಾಲ್, ಮೆಲ್ಬರ್ನಿನ ಫೂಟಿ

ಬೆಂಗಳೂರಿನ ಗೌತಮಪುರ, ಆಸ್ಟಿನ್ ಟೌನ್ ಕಡೆ ಬೆಳೆದ ಹುಡುಗರಿಗೆ ಫುಟ್‌ಬಾಲ್ ಅಂದರೆ ಒಂದೇ ಆಟ. ನಾನೂ ಹಾಗೇ ಬೆಳೆದವನು, ರೈಟ್ ವಿಂಗ್, ಅಂದರೆ ಮೈದಾನದ ಬಲ ಅಂಚು, ನನ್ನ ಜಾಗ. ಕೆಲಸಕ್ಕೆ ಅಂತ ಮೆಲ್ಬರ್ನಿಗೆ ಬಂದರೆ ಇಲ್ಲಿ ‘ಫೂಟಿ’, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲೇ ಎಲ್ಲರ ಆಟ. ಮೈದಾನವೂ ಮೊಟ್ಟೆಯಾಕಾರ, ಚೆಂಡೂ ಮೊಟ್ಟೆಯಾಕಾರ, ಒಂದೊಂದು ಕಡೆ 18 ಜನ. ಇದರ ಮೊದಲ ನಿಯಮಗಳನ್ನು 1859ರಲ್ಲಿ ಬರೆದದ್ದು ಇದೇ ಊರಲ್ಲಿ. ದುಡ್ಡು ತೆಗೆದುಕೊಳ್ಳದೆ ಆಡುವವರಿಗಾಗಿ ಇಲ್ಲಿ ಒಂದು ಅಮೆಚೂರ್ ಸಂಸ್ಥೆಯೂ ಇದೆ, ಅದು ಹುಟ್ಟಿದ್ದು 1892ರಲ್ಲಿ. ಆಫೀಸಿನ ಗೆಳೆಯನೊಬ್ಬ ಅವನ ಕ್ಲಬ್ಬಿಗೆ ಕರೆದುಕೊಂಡು ಹೋದ. ರಿಸರ್ವ್ಸ್, ಅಂದರೆ ಕ್ಲಬ್ಬಿನ ಎರಡನೇ ತಂಡದಲ್ಲಿ ಶುರು ಮಾಡಿದೆ.

ಒದೆಯೋದು ನಮಗೆ ಬರುತ್ತೆ ಅಲ್ವಾ ಅನಿಸುತ್ತದೆ. ಆದರೆ ಇಲ್ಲಿ ಒದೆತದ ಅರ್ಧ ಕೆಲಸ ಕೈಯದು. ಚೆಂಡನ್ನು ನಿಲುವಾಗಿ, ಮೇಲ್ತುದಿ ತುಸು ನಮ್ಮ ಕಡೆಗೆ ವಾಲಿಸಿ ಹಿಡಿಯಬೇಕು. ಒದೆಯುವ ಕಾಲಿನ ನೇರಕ್ಕೆ, ಒಂದೇ ಕೈಯಿಂದ ಬಿಡಬೇಕು. ಎಸೆಯಬಾರದು, ಸುಮ್ನೆ ಬಿಡಬೇಕು. ಬೆರಳು ಚಾಚಿದ ಪಾದ ಚೆಂಡಿನ ಕೆಳತುದಿಗೆ ತಗುಲಿದರೆ ಅದು ಗಾಳಿಯಲ್ಲಿ ಹಿಮ್ಮುಖವಾಗಿ ಸುತ್ತುತ್ತಾ ನೇರ ಹೋಗುತ್ತದೆ. ಇದೇ ಡ್ರಾಪ್ ಪಂಟ್. ವಿಂಗಿನಿಂದ ಗೋಲಿನ ಮುಂದಕ್ಕೆ ಕ್ರಾಸ್ ಹಾಕಿ ಅಭ್ಯಾಸವಾದ ಕಾಲು ಒಳಕ್ಕೆ ಸುತ್ತುತ್ತದೆ. ಆಗ ಚೆಂಡು ಅಡ್ಡ ತಿರುಗಿ ಎಲ್ಲೋ ಹೋಗುತ್ತದೆ. ಕಾಲನ್ನು ಗುರಿಯ ಕಡೆಗೇ ನೇರ ಎತ್ತುವುದು ಮೈಗೆ ಹತ್ತಲು ಒಂದು ಸೀಸನ್ ಪೂರ್ತಿ ಬೇಕಾಯಿತು.

ಆಫ್‌ಸೈಡ್, ಅಂದರೆ ಎದುರಾಳಿಗಳನ್ನು ದಾಟಿ ಮುಂದೆ ನಿಂತಿರಬಾರದೆಂಬ ನಿಯಮ, ಫೂಟಿಯಲ್ಲಿ ಇಲ್ಲ. ಹಾಗಾಗಿ ಎದುರಾಳಿ ನಿಮ್ಮ ಬೆನ್ನ ಹಿಂದೆಯೂ ಇರುತ್ತಾನೆ, ಯಾವ ಕಡೆಯಿಂದ ಬೇಕಾದರೂ ಮೈ ಹಿಡಿದು ನಿಲ್ಲಿಸುವ ಟ್ಯಾಕಲ್ ಬರುತ್ತದೆ. ಚೆಂಡು ಸಿಗುವ ಮೊದಲೇ ಎರಡೂ ಕಡೆ ನೋಡಿಕೊಂಡಿರಬೇಕು.

ನಮ್ಮ ಆಟ ಕೈಹಿಡಿದದ್ದು ಗೋಲಿನ ಮುಂದೆ. ಎತ್ತರದವರು ಮಾರ್ಕ್‌ಗಾಗಿ, ಅಂದರೆ ಚೆಂಡನ್ನು ಗಾಳಿಯಲ್ಲೇ ಹಿಡಿಯಲು, ಹಾರುತ್ತಾರೆ. ಕೈತಪ್ಪಿ ಬಿದ್ದ ಚೆಂಡಿಗಾಗಿ ಕೆಳಗೆ ಕಾಯುವುದು ನನ್ನ ಕೆಲಸ. ಜುಲೈ ಚಳಿಯಲ್ಲಿ ಮೈದಾನ ಕೆಸರು, ಚೆಂಡು ಸೋಪಿನ ಹಾಗೆ ಜಾರುತ್ತದೆ. ಉಳಿದವರು ಬಗ್ಗಿ ಎತ್ತಿಕೊಳ್ಳಲು ಹೋಗುತ್ತಾರೆ. ನಾನು ಬಗ್ಗುತ್ತಿರಲಿಲ್ಲ. ನೆಲದ ಮೇಲಿದ್ದದ್ದನ್ನೇ ಪಾದದ ಒಳಬದಿಯಿಂದ ನೂಕುತ್ತಿದ್ದೆ. ನಡುವಿನ ಎರಡು ಕಂಬಗಳ ಮಧ್ಯೆ ಉರುಳಿ ಹೋದರೂ ಅದು ಗೋಲೇ, 6 ಪಾಯಿಂಟ್! ಆ ಕಂಬಕ್ಕೂ ಅದರ ಪಕ್ಕದ ಸಣ್ಣ ಕಂಬಕ್ಕೂ ನಡುವೆ ಹೋದರೆ 1. ನನ್ನ ಜಾಸ್ತಿ ಗೋಲುಗಳು ಬಂದದ್ದು ಹೀಗೇ.

ಇಲ್ಲಿನ ಕ್ಲಬ್ಬುಗಳಲ್ಲಿ ಫೂಟಿ, ನಮ್ಮ ಫುಟ್‌ಬಾಲ್ ಎರಡೂ ಚಳಿಗಾಲದ ಆಟ. ಶನಿವಾರ ಫೂಟಿ ಆಡಿ ಭಾನುವಾರ ಮತ್ತೆ ಓಡಲು ಮೊಣಕಾಲು ಒಪ್ಪಲಿಲ್ಲ. ಅದಕ್ಕೆ ನಮ್ಮ ಫುಟ್‌ಬಾಲನ್ನು ಬೇಸಿಗೆಯ ಸಂಜೆಗಳಿಗೆ ಇಟ್ಟುಕೊಂಡೆ, ಐದೈದು ಜನರ ಆಟ. ಅಲ್ಲೊಂದು ಲಾಭ ಕಂಡಿತು: ಬೆನ್ನ ಹಿಂದೆ ಯಾರಿದ್ದಾರೆ ಅಂತ ನೋಡುವ ಅಭ್ಯಾಸ ಅಲ್ಲಿಗೂ ಬಂತು, ಪಾಸು ಬೇಗ ಕೊಡತೊಡಗಿದೆ.

ನಮ್ಮ ಕಡೆಯ ಹುಡುಗರು ಕ್ಲಬ್ಬಿಗೆ ಬಂದರೆ ಮೊದಲ ದಿನ ನಾನು ಒದೆಯಲು ಹೇಳುವುದಿಲ್ಲ. ಚೆಂಡನ್ನು ನೆಟ್ಟಗೆ ಕೈಬಿಡುವುದನ್ನಷ್ಟೇ ಮಾಡಿಸುತ್ತೇನೆ. ಅದು ಬಂದಮೇಲೆ ಉಳಿದದ್ದನ್ನು ಅವರ ಕಾಲೇ ಕಲಿಯುತ್ತದೆ.