ಪ್ರೆಡ್ನಿಸೊಲೋನ್ ನುಂಗಿದ ವರ್ಷ, ಕಣ್ಣಿನ ಲೆಕ್ಕ

ಮೂತ್ರದಲ್ಲಿ ಪ್ರೋಟೀನ್ ಸೋರಿ ಕಾಲು, ಮುಖ ಊದಿಕೊಂಡಾಗ ನನಗೆ ದಿನಕ್ಕೆ 50 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು. ಶುಗರ್, ಬಿಪಿ ನೋಡಿಸ್ಕೊಳ್ಳಿ ಅಂದರು. ಕಣ್ಣಿನ ಮಾತೇ ಬರಲಿಲ್ಲ. ಅಜ್ಜಿಗೆ ಗ್ಲಾಕೋಮಾ (ಹೆಚ್ಚಾಗಿ ಕಣ್ಣೊಳಗಿನ ಪ್ರೆಶರ್ ಏರಿ ಕಣ್ಣಿನ ನರ ಕೆಡುವ ಕಾಯಿಲೆ) ಇದ್ದದ್ದು ನೆನಪಾಗಿ ಮೂರು ವಾರದ ಮೇಲೆ ನಾನೇ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಮಾತ್ರೆಗೆ ಮೊದಲೇ ಹೋಗಬೇಕಿತ್ತು, ಹೋಲಿಸಿ ನೋಡಲು ಒಂದು ಲೆಕ್ಕ ಇರುತ್ತಿತ್ತು.

ಆವತ್ತು ಎರಡೂ ಕಣ್ಣಿನ ಪ್ರೆಶರ್ 15. ಸಾಮಾನ್ಯವಾಗಿ 10ರಿಂದ 21ರೊಳಗೆ ಇರುತ್ತದೆ. ಎಂಟನೇ ವಾರಕ್ಕೆ ಬಲಗಣ್ಣಲ್ಲಿ 27, ಎಡಗಣ್ಣಲ್ಲಿ 25! ನೋವಿಲ್ಲ, ಕೆಂಪಿಲ್ಲ, ಬೋರ್ಡಿನ ಕೊನೇ ಸಾಲನ್ನೂ ಓದಿದ್ದೆ. ಕಣ್ಣೊಳಗಿನ ನೀರು ಹರಿದುಹೋಗುವ ಜಾಲರಿಯೇ ಸ್ಟೀರಾಯ್ಡ್‌ನಿಂದ ಕಟ್ಟಿಕೊಳ್ಳುತ್ತದಂತೆ.

"ಮಾತ್ರೆ ಬಿಟ್ಟುಬಿಡಲಾ?" ಅಂದೆ.

"ಹಂಗೆಲ್ಲ ಒಮ್ಮೆಲೇ ಬಿಡಬೇಡಿ ಅಮ್ಮಾ, ನಿಮ್ಮ ಕಿಡ್ನಿ ಡಾಕ್ಟರ್ ಇಳಿಸ್ತಾ ಬರಲಿ" ಅಂದು, ಅಸ್ತಮಾ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಪ್ರೆಶರ್ ಇಳಿಸುವ ಟಿಮೊಲಾಲ್ ಡ್ರಾಪ್ಸ್ ಬರೆದರು. ಹಾಕಿಕೊಂಡ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ನಿಮಿಷ ಒತ್ತಿಕೊಳ್ಳುವುದನ್ನೂ ತೋರಿಸಿಕೊಟ್ಟರು. ಔಷಧಿ ಗಂಟಲಿಗೆ, ರಕ್ತಕ್ಕೆ ಇಳಿಯುವುದು ಕಡಿಮೆಯಾಗುತ್ತದೆ.

ಆಗಿನಿಂದ ಮಗಳ ಹಳೇ ರಫ್ ನೋಟ್‌ಬುಕ್ಕೇ ನನ್ನ ಕಣ್ಣಿನ ಲೆಕ್ಕದ ಪುಸ್ತಕ. ತಾರೀಖು, ಗಂಟೆ, ಆಗಿನ ಮಾತ್ರೆಯ ಡೋಸು, ಎರಡೂ ಕಣ್ಣಿನ ಅಂಕಿ. ಗಾಳಿ ಊದುವ ಮಷಿನ್ನೋ, ಹಳದಿ ಬಣ್ಣ ಬಿಟ್ಟು ನೀಲಿ ಬೆಳಕಲ್ಲಿ ಮುಟ್ಟಿಸಿ ನೋಡುವುದೋ, ಅದನ್ನೂ ಬರೆಯುತ್ತಿದ್ದೆ. ಎರಡರ ಅಂಕಿ ಬೇರೆ ಬರುತ್ತದೆ. ಒಂದೇ ದಿನದಲ್ಲೂ ಪ್ರೆಶರ್ ಏರಿಳಿಯುತ್ತದೆ.

ಮನೆಯಲ್ಲಿ ಭಾನುವಾರಕ್ಕೊಮ್ಮೆ ಅಡುಗೆಮನೆ ಬಾಗಿಲ ಬಳಿಯ ಅದೇ ಟೈಲಿನ ಮೇಲೆ ನಿಂತು, ಒಂದು ಕಣ್ಣು ಮುಚ್ಚಿ, ಗೋಡೆ ಕ್ಯಾಲೆಂಡರಿನ ರಾಹುಕಾಲ ಓದುತ್ತಿದ್ದೆ. ಪ್ರೆಶರ್ ಇದರಿಂದ ಗೊತ್ತಾಗುವುದಿಲ್ಲ, ಅದಕ್ಕೆ ಆಸ್ಪತ್ರೆಯೇ ಬೇಕು. ಆದರೆ ಬಲಗಣ್ಣಿಗೆ ಅಕ್ಷರಗಳ ಸುತ್ತ ಮಂಜು ಕಟ್ಟಿದಂತಾಗಿದ್ದು ಸಿಕ್ಕಿದ್ದು ಇಲ್ಲೇ. ಬಿಸಿಲು ಬಿದ್ದರಂತೂ ಇನ್ನೂ ಮಸುಕು. ಮಸೂರದ ಹಿಂಬದಿಯಲ್ಲಿ ಪೊರೆ ಕಟ್ಟಲು ಶುರುವಾಗಿತ್ತು.

ಈಗ ಮಾತ್ರೆ ನಿಂತು ವರ್ಷ ದಾಟಿತು. ಡ್ರಾಪ್ಸ್ ಇಲ್ಲದೆಯೂ ಪ್ರೆಶರ್ 16. ಕಣ್ಣಿನ ನರಕ್ಕೆ ಪೆಟ್ಟಾಗಿಲ್ಲ ಅಂತ ಸ್ಕ್ಯಾನ್ ಹೇಳುತ್ತದೆ. ಪೊರೆ ಮಾತ್ರ ಹೋಗಲಿಲ್ಲ, ಅದು ಹೋಗುವಂಥದ್ದೂ ಅಲ್ಲ. ಆಪರೇಷನ್ನಿಗೆ ಆತುರವಿಲ್ಲ ಅಂದಿದ್ದಾರೆ. ರಾತ್ರಿ ಎದುರಿಗೆ ಬರುವ ಬೈಕಿನ ಲೈಟು ಕಣ್ಣ ತುಂಬ ಹರಡಿಕೊಳ್ಳುತ್ತದೆ. ಕತ್ತಲಾದರೆ ಸ್ಕೂಟರ್ ಕೀ ಮಗಳ ಕೈಗೆ.