ನೀರುಗಂಟಿಯ ಗಾಡಿಯಲ್ಲಿ ನಮ್ಮ ಲೈಬ್ರರಿ

ಹೋದ ವಾರ ಸ್ಟಾಕ್ ವೆರಿಫಿಕೇಷನ್ ಮುಗಿಸಿದೆ. ವರ್ಷದಲ್ಲಿ ಹಳ್ಳಿಗಳಿಗೆ ಹೋದ ಪುಸ್ತಕ ಸುಮಾರು 900. ವಾಪಸ್ ಬರದೇ ಇರುವುದು 11. ನೀರುಗಂಟಿಗಳ ಗಾಡಿಯಲ್ಲಿ ಹಳ್ಳಿಗಳಿಗೆ ಪುಸ್ತಕ ಕಳಿಸುತ್ತೇನೆ ಎಂದಾಗ "ಆರು ತಿಂಗಳಲ್ಲಿ ನಿಮ್ಮ ಕಪಾಟು ಖಾಲಿ, ನೋಡ್ತಿರಿ" ಎಂದು ತಾಲ್ಲೂಕು ಮೀಟಿಂಗಿನಲ್ಲಿ ಹೇಳಿದ ಲೈಬ್ರರಿ ಗೆಳೆಯರು ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ.

ನಮ್ಮದು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ. ಆರು ಹಳ್ಳಿ, ಒಂದು ಗೊಲ್ಲರಹಟ್ಟಿ, ಒಂದು ತಾಂಡ. 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವ ನಮ್ಮನ್ನು ಸೇರಿಸಿದಾಗ ನಿಮಗೆಲ್ಲ ಆದ ಗೊಂದಲವೇ ನನಗೂ ಆಯಿತು. ಮೊದಲು ಮೇಲಿನವರ ಮುಖ ನೋಡುತ್ತಿದ್ದದ್ದು ವರ್ಷಕ್ಕೊಮ್ಮೆ. ಈಗ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪಕ್ಕದ ರೂಮಿನಲ್ಲೇ. ಅರ್ಜಿ ಬರೆಯಲು, ಗ್ರಾಮಸಭೆಗೆ ಕುರ್ಚಿ ಹಾಕಿಸಲು ಕರೆಯುತ್ತಿದ್ದರು. ಬೀಗ ಹಾಕಿ ಹೋಗುತ್ತಿದ್ದೆ. ಇಲ್ಲ ಎನ್ನಲು ಧೈರ್ಯ ಬರಲಿಲ್ಲ.

2020ರ ನವೆಂಬರಿನಲ್ಲಿ ಮಕ್ಕಳಿಗೆ ಓದಿನ ರುಚಿ ಹತ್ತಿಸುವ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ ಮಕ್ಕಳ ಸದಸ್ಯತ್ವ ಫ್ರೀ ಆಯಿತು. 300ಕ್ಕೂ ಜಾಸ್ತಿ ಹೆಸರು ಬರೆದುಕೊಂಡೆ. ಬಂದಿದ್ದು ನಮ್ಮೂರಿನ ಇಪ್ಪತ್ತು ಇಪ್ಪತ್ತೈದು ಮಕ್ಕಳು. ಗೊಲ್ಲರಹಟ್ಟಿಯಿಂದ ಮೂರೂವರೆ ಕಿಲೋಮೀಟರ್ ನಡೆದು ಯಾವ ಮಗು ಬರುತ್ತೆ ಹೇಳಿ?

ಮೊದಲು ನಾನೇ ಸ್ಕೂಟರಿನಲ್ಲಿ ಪುಸ್ತಕ ಒಯ್ದೆ. ತಿಂಗಳಿಗೆ 700 ರೂಪಾಯಿ ಪೆಟ್ರೋಲು. ನಮ್ಮ ಗೌರವಧನಕ್ಕೆ ಅದು ದೊಡ್ಡ ಹೊಡೆತ. ಅದೂ ಅಲ್ಲದೆ ನಾನು ಹೊರಟರೆ ಇಲ್ಲಿ ಬಾಗಿಲು ಬಂದ್. ಪೇಪರ್ ಓದಲು ಬಂದ ಹಿರಿಯರಿಂದ ದೂರು. ಮೂರು ತಿಂಗಳಿಗೆ ನಿಲ್ಲಿಸಿದೆ.

ಆಮೇಲೆ ಒಂದು ಹಳ್ಳಿಯ ಅಂಗನವಾಡಿಯಲ್ಲಿ ಟ್ರಂಕ್ ಇಟ್ಟೆ. ಆ ಮೇಡಂ ಒಳ್ಳೆಯವರು, ಆದರೆ ಬೀಗ ತೆಗೆಯಲೇ ಇಲ್ಲ. ಮಳೆಗಾಲ ಮುಗಿದ ಮೇಲೆ ನೋಡಿದರೆ ಗೆದ್ದಲು ಹಿಡಿದಿತ್ತು. 40 ಪುಸ್ತಕ ಹೋಯಿತು. ಸುಮಾರು 2,800 ರೂಪಾಯಿ ನಾನೇ ಕಟ್ಟಿದೆ. ಮನೆಯಲ್ಲಿ ಎರಡು ದಿನ ಮಾತಿಲ್ಲ. ಆದರೂ ಅವರನ್ನು ದೂರಲಾರೆ. ಕಳೆದರೆ ಯಾರು ಕಟ್ಟಬೇಕು ಅನ್ನುವ ಭಯ ಅದು. ನಾನೂ ಹತ್ತು ವರ್ಷ ಅದೇ ಭಯಕ್ಕೆ ಕಪಾಟಿಗೆ ಬೀಗ ಹಾಕಿದ್ದೆ. ನೀವೂ ಹಾಕಿದ್ದೀರಿ, ಅಲ್ವಾ?

ದಿನಾ ಬೆಳಿಗ್ಗೆ ಎಲ್ಲ ಹಳ್ಳಿಗೂ ಹೋಗುವವರು ಯಾರು ಎಂದು ಯೋಚಿಸಿದಾಗ ಕಣ್ಣಿಗೆ ಬಿದ್ದವರು ಊರಿಗೆ ನೀರು ಬಿಡುವ ನೀರುಗಂಟಿಗಳು. ಕೇಳಿದೆ. "ಮೇಷ್ಟ್ರೇ, ಮೋಟ್ರು ಸುಟ್ಟರೇ ನಮಗೆ ಬೈಗುಳ. ಇನ್ನು ಪುಸ್ತಕ ಕಳೆದರೆ?" ಅಂದರು ಹಿರಿಯ ನೀರುಗಂಟಿ. ಅವರ ಮಾತು ಸರಿಯೇ ಇತ್ತು. ಅಲ್ಲಿಂದ ಕೆಲಸವನ್ನು ಬಿಡಿಸಿ ಹಂಚಿದೆ. ನೀರುಗಂಟಿ ಚೀಲ ಒಯ್ಯುತ್ತಾರೆ, ಅಷ್ಟೇ. ಎಣಿಸುವುದಿಲ್ಲ, ಸಹಿ ಹಾಕುವುದಿಲ್ಲ. ಊರಿನಲ್ಲಿ ಏಳು, ಎಂಟನೇ ಕ್ಲಾಸಿನ ಒಬ್ಬ ಹುಡುಗಿಯ ಹತ್ತಿರ ನೋಟ್‌ಬುಕ್ ಇರುತ್ತದೆ. ಕೊಡುವುದು, ಕೇಳುವುದು ಅವಳದು. ರಿಜಿಸ್ಟರ್ ನನ್ನದು. ಅಷ್ಟಿಷ್ಟು ಕಳೆದರೆ ಯಾರ ಕೈಯಿಂದಲೂ ಕಟ್ಟಿಸಬಾರದು ಎಂದು ಪಂಚಾಯಿತಿ ಸಾಮಾನ್ಯ ಸಭೆಯಲ್ಲಿ ನಡಾವಳಿ (ಸಭೆಯ ತೀರ್ಮಾನ) ಬರೆಸಿದೆ. ಇದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಇದಿಲ್ಲದೆ ಉಳಿದದ್ದು ಯಾವುದೂ ನಡೆಯುತ್ತಿರಲಿಲ್ಲ.

ನಡಾವಳಿಗೆ ಜೊತೆ ನಿಂತವರು ಬಿಲ್ ಕಲೆಕ್ಟರ್. ಮನೆ ಕಂದಾಯದ ಜೊತೆ ಶೇ 6ರ ಗ್ರಂಥಾಲಯ ಕರ ಕೇಳಿದಾಗ ಜನ "ಯಾವ ಲೈಬ್ರರಿ?" ಎಂದು ಅವರನ್ನೇ ದಬಾಯಿಸುತ್ತಿದ್ದರು. ಈಗ ಅವರು ಚೀಲ ತೋರಿಸುತ್ತಾರೆ. ಅಧ್ಯಕ್ಷರನ್ನು ಒಪ್ಪಿಸಿದ್ದು ಹೇಗೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎದುರಿಗೆ ಸಿಕ್ಕಾಗ ಕೇಳಿ.

ಚೀಲದ ಕತೆ ಬೇರೆ. ಬಟ್ಟೆ ಚೀಲ ಮಳೆಗೆ ನೆನೆಯಿತು. ಖಾಲಿ ಗೊಬ್ಬರದ ಚೀಲ ತೊಳೆದು ಟೈಲರ್ ಹತ್ತಿರ ಹೊಲಿಸಿದೆ, ಒಂದಕ್ಕೆ 60 ರೂಪಾಯಿ. 20 ಪುಸ್ತಕಕ್ಕಿಂತ ಜಾಸ್ತಿ ತುಂಬಬೇಡಿ, ಗಾಡಿ ವಾಲುತ್ತೆ.

ಇದರ ಮಧ್ಯೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುವ ನಾಲ್ಕು ಹುಡುಗರಿಗೆ ಒಂದು ಕೀ ಕೊಟ್ಟೆ. ಬೆಳಿಗ್ಗೆ ಐದೂವರೆಗೆ ಅವರೇ ತೆಗೆಯುತ್ತಾರೆ, ಕಸ ಗುಡಿಸುತ್ತಾರೆ. ಪಿಡಿಒ ಮೊದಲು ಒಪ್ಪಲಿಲ್ಲ. ಒಂದು ದಿನ ಬೆಳಿಗ್ಗೆ ತಾವೇ ಬಂದು ನೋಡಿದರು, ಆ ವಾರವೇ ಎರಡು ಟ್ಯೂಬ್‌ಲೈಟ್ ಹಾಕಿಸಿಕೊಟ್ಟರು. ಕುರ್ಚಿ ಹಾಕಿಸಲು ನನ್ನನ್ನು ಕರೆಯುವುದೂ ಆಮೇಲೆ ನಿಂತಿತು.

ತಾಂಡದ್ದು ಇನ್ನೂ ಸರಿಹೋಗಿಲ್ಲ. ಸುಗ್ಗಿ ಮುಗಿದ ಮೇಲೆ ಅಲ್ಲಿನವರು ಮಕ್ಕಳನ್ನೂ ಕರೆದುಕೊಂಡು ಗುಳೆ ಹೋಗುತ್ತಾರೆ. ಪುಸ್ತಕವೂ ಜೊತೆಗೆ ಹೋಗಿದೆ. ಬರದ ಆ 11ರಲ್ಲಿ 8 ಅಲ್ಲಿಯವೇ. ಯುಗಾದಿಗೆ ಎಲ್ಲರೂ ಊರಿಗೆ ಬರುತ್ತಾರೆ. ಅಲ್ಲಿವರೆಗೆ ರಿಜಿಸ್ಟರಿನಲ್ಲಿ 'ಕಳೆದಿದೆ' ಎಂದು ಬರೆದಿಲ್ಲ, 'ಓದುತ್ತಿದ್ದಾರೆ' ಎಂದೇ ಬರೆದಿದ್ದೇನೆ.