ಪದಬಂಧದ ಒಂದು ಮನೆಗೆ ಒಂದು ಅಕ್ಷರ

ಅಮ್ಮನಿಗೆ ಬೆಳಗಿನ ಕಾಫಿ ಜೊತೆ ಪೇಪರಿನ ಪದಬಂಧ ಇರಲೇಬೇಕು. ಈಚೆಗೆ ಕಣ್ಣಿಗೆ ಪೊರೆ ಬಂದು ಆ ಸಣ್ಣ ಚೌಕಗಳು ಕಾಣುತ್ತಿರಲಿಲ್ಲ. ಟ್ಯಾಬಿನಲ್ಲಿ ದೊಡ್ಡದಾಗಿ ಕಾಣುವ ಹಾಗೆ ನಾನೇ ಒಂದು ಮಾಡಿಕೊಡುತ್ತೇನೆ ಎಂದೆ. ವೆಬ್ ಕೆಲಸ ಮಾಡಿಯೇ ಹೊಟ್ಟೆ ಹೊರೆಯುವವನು ನಾನು. ಎರಡು ಭಾನುವಾರ ಸಾಕು ಎಂದುಕೊಂಡಿದ್ದೆ. ಆರು ಹಿಡಿದವು.

ಮೊದಲ ಸಲ ತೋರಿಸಿದಾಗ ಅಮ್ಮ ಕನ್ನಡಕ ಏರಿಸಿಕೊಂಡು ನೋಡಿದರು. "ಏನೋ ಇದು? ಕನ್ನಡ ಅನ್ನೋದಕ್ಕೆ ಐದು ಮನೆ ಕೊಟ್ಟಿದ್ದೀಯ! ಮೂರು ಸಾಕಲ್ವಾ?"

ತಪ್ಪು ನನ್ನದೇ. ವೆಬ್ ಪುಟಗಳ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಪದವನ್ನು ಸುಮ್ನೆ ಸ್ಪ್ಲಿಟ್ ಮಾಡಿದ್ದೆ, ಅಂದರೆ ತುಂಡು ತುಂಡಾಗಿ ಒಡೆದಿದ್ದೆ. ಯೂನಿಕೋಡ್ ಎಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಚಿಹ್ನೆಗೂ ಕಂಪ್ಯೂಟರಿನಲ್ಲಿ ಒಂದೊಂದು ಕೋಡ್ ಕೊಡುವ ಪದ್ಧತಿ. ಅದರ ಕಣ್ಣಿಗೆ 'ಕನ್ನಡ' ಎಂದರೆ ಕ, ನ, ಹಲಂತ (ಸ್ವರವಿಲ್ಲದ ವ್ಯಂಜನದ ಚಿಹ್ನೆ), ಇನ್ನೊಂದು ನ, ಡ. ಒಟ್ಟು 5. ಹಲಂತ ಮಾತ್ರ ಬಿದ್ದ ಮನೆಯಲ್ಲಿ ಚುಕ್ಕಿ ಚುಕ್ಕಿಯ ವೃತ್ತವೊಂದು ಕೂತಿತ್ತು. 'ಶ್ರೀಕೃಷ್ಣ' 9 ಮನೆ ತಿಂದಿತ್ತು.

ಇದಕ್ಕೆ ಮದ್ದು ಗೊತ್ತು ಎಂದುಕೊಂಡೆ. ಬ್ರೌಸರಿನಲ್ಲೇ ಇಂಟಲ್ ಸೆಗ್ಮೆಂಟರ್ (Intl.Segmenter) ಎಂಬ ಸೌಲಭ್ಯ ಇದೆಯಲ್ಲ, ಕಣ್ಣಿಗೆ ಕಾಣುವ ಅಕ್ಷರಗಳ ಲೆಕ್ಕದಲ್ಲಿ ಪದ ಒಡೆಯುವುದು. ಕ್ರೋಮ್, ಸಫಾರಿಯಲ್ಲಿ ಮೊದಲೇ ಇತ್ತು, 2024ರಲ್ಲಿ ಫೈರ್‌ಫಾಕ್ಸ್ 125ಕ್ಕೂ ಬಂತು. ಹಾಕಿ ನೋಡಿದೆ. ಕಾಗುಣಿತ, ಸೊನ್ನೆ, ವಿಸರ್ಗ ಎಲ್ಲ ಸರಿ ಹೋದವು. 'ದುಃಖ' ಎರಡೇ ಮನೆ. ಆದರೆ 'ಕನ್ನಡ' ನಾಲ್ಕಕ್ಕೆ ನಿಂತಿತು: ಕ, ನ್, ನ, ಡ. ಭಾಷೆ ಕನ್ನಡ ಎಂದು ಹೇಳಿಕೊಟ್ಟರೂ ಅಷ್ಟೇ.

ತಮಾಷೆಗೆ ತೆಲುಗಿನ 'ಅಕ್ಕ' ಕೊಟ್ಟೆ. ಅದು ಸರಿಯಾಗಿ ಎರಡು ತುಂಡಾಯಿತು. ಕನ್ನಡದ ಅಕ್ಕ ಮಾತ್ರ ಮೂರು. ಇದೇನು ಕರ್ಮ ಎಂದು ಹುಡುಕಿದಾಗ ಸಿಕ್ಕಿದ್ದು ಇದು: 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರಗಳನ್ನು ಒಡೆಯಬಾರದು ಎಂಬ ನಿಯಮ ಸೇರಿಸಿದರು. ಆ ಪಟ್ಟಿಯಲ್ಲಿ ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಇವೆ. ಕನ್ನಡ ಇಲ್ಲ. ಬ್ರೌಸರ್‌ಗಳು ಆ ನಿಯಮವನ್ನೇ ಪಾಲಿಸುತ್ತವೆ. ಅಲ್ಲಿಯವರೆಗೂ ನನ್ನ ಕೋಡಿನಲ್ಲೇ ಏನೋ ತಪ್ಪಿದೆ ಎಂದು ಒಂದು ಇಡೀ ಸಂಜೆ ಕಳೆದಿದ್ದೆ.

ಕೊನೆಗೆ ಮಾಡಿದ್ದು ಸುಲಭದ ಕೆಲಸ. ಸೆಗ್ಮೆಂಟರ್ ಕೊಟ್ಟ ತುಂಡುಗಳನ್ನು ಎಡದಿಂದ ನೋಡುತ್ತಾ ಹೋಗುವುದು. ಒಂದು ತುಂಡು ಹಲಂತದಲ್ಲಿ ಮುಗಿದು, ಮುಂದಿನದು ವ್ಯಂಜನದಿಂದ ಶುರುವಾದರೆ ಎರಡನ್ನೂ ಅಂಟಿಸುವುದು. 'ರಾಷ್ಟ್ರ'ದಲ್ಲಿ ಎರಡು ಸಲ ಅಂಟಿಸಬೇಕು, ಹಾಗಾಗಿ ಲೂಪ್ ಬೇಕು. 'ಸಾಫ್ಟ್‌ವೇರ್' ಥರದ ಪದದಲ್ಲಿ ಹಲಂತದ ನಂತರ ಕಣ್ಣಿಗೆ ಕಾಣದ ಒಂದು ತಡೆ ಇರುತ್ತದೆ, ಝೀರೋ ವಿಡ್ತ್ ನಾನ್ ಜಾಯ್ನರ್. ತುಂಡು ಆಗ ಹಲಂತದಲ್ಲಿ ಮುಗಿಯುವುದಿಲ್ಲ, ಅದಾಗಿಯೇ ಬೇರೆ ಉಳಿಯುತ್ತದೆ. ಹತ್ತು ಸಾಲಿನ ಫಂಕ್ಷನ್, ಅಷ್ಟೇ.

ಆಮೇಲೆ 'ಬಸ್ ಸ್ಟ್ಯಾಂಡ್' ಬಂತು. ನಾನು ಮೊದಲು ಪದಗಳ ನಡುವಿನ ಖಾಲಿ ಜಾಗ ತೆಗೆದು ಆಮೇಲೆ ಒಡೆಯುತ್ತಿದ್ದೆ. ಬಸ್ಸಿನ ಸ್, ಸ್ಟ್ಯಾಂಡಿಗೆ ಅಂಟಿಕೊಂಡು ಒಂದೇ ಮನೆಯಲ್ಲಿ ನಾಲ್ಕು ವ್ಯಂಜನ ಗುಡ್ಡೆ ಬಿದ್ದವು. ಮೊದಲು ಒಡೆದು ಆಮೇಲೆ ಜಾಗ ತೆಗೆದಾಗ ಸರಿಹೋಯಿತು. ಆದರೂ ಆಡುವವರು ಜಾಗ ಬಿಡದೆ ಟೈಪ್ ಮಾಡಿದರೆ ಏನು ಗತಿ? ಉತ್ತರ ಹೊಳೆಯಲಿಲ್ಲ. ಅಂಥ ಪದಗಳನ್ನೇ ಪಟ್ಟಿಯಿಂದ ಕಿತ್ತುಹಾಕಿದೆ.

ಜಾಸ್ತಿ ಹೊತ್ತು ತಿಂದದ್ದು ಟೈಪ್ ಮಾಡುವ ಕಡೆ. ಇಂಗ್ಲಿಷ್ ಪದಬಂಧಗಳಲ್ಲಿ ಮಾಡುವ ಹಾಗೆ ಪ್ರತಿ ಮನೆಯೂ ಒಂದು ಇನ್‌ಪುಟ್ (ಟೈಪ್ ಮಾಡುವ ಪೆಟ್ಟಿಗೆ), ಮ್ಯಾಕ್ಸ್‌ಲೆಂಗ್ತ್ (ಅದರಲ್ಲಿ ಹಿಡಿಸುವ ಮಿತಿ) 1. "ಕಾ ಬರ್ತಾನೇ ಇಲ್ಲ ಕಣೋ, ಬರೀ ಕ" ಎಂದರು ಅಮ್ಮ. ಮ್ಯಾಕ್ಸ್‌ಲೆಂಗ್ತ್ ಎಣಿಸುವುದೂ ಕೋಡ್ ಲೆಕ್ಕವನ್ನೇ, ದೀರ್ಘಕ್ಕೆ ಅಲ್ಲಿ ಜಾಗವೇ ಇಲ್ಲ. ಮಿತಿ ತೆಗೆದೆ. ಆಗ ಕ ಒತ್ತಿದ ತಕ್ಷಣ ಕರ್ಸರ್ ಮುಂದಿನ ಮನೆಗೆ ಜಿಗಿದು, ದೀರ್ಘ ಅಲ್ಲಿ ಒಂಟಿಯಾಗಿ ಬೀಳುತ್ತಿತ್ತು. ಒಂದು ಅಕ್ಷರ ಮುಗಿಯಿತು ಎಂದು ಗೊತ್ತಾಗುವುದು ಮುಂದಿನ ಅಕ್ಷರ ಶುರುವಾದಾಗ ಮಾತ್ರ. ಹಾಗಾಗಿ ಮನೆಗೊಂದು ಇನ್‌ಪುಟ್ ಎಂಬ ಆಸೆಯನ್ನೇ ಬಿಟ್ಟೆ. ಈಗ ಇಡೀ ಪದಕ್ಕೆ ಒಂದೇ ಇನ್‌ಪುಟ್. ಪ್ರತಿ ಕೀಲಿ ಒತ್ತಿದಾಗಲೂ ನನ್ನ ಫಂಕ್ಷನ್ ಪದವನ್ನು ಒಡೆದು ಮನೆಗಳನ್ನು ಹೊಸದಾಗಿ ತುಂಬುತ್ತದೆ. 'ಕನ್' ಎಂದಾಗ ಎರಡು ಮನೆ ತುಂಬುತ್ತದೆ, ಇನ್ನೊಂದು ನ ಒತ್ತಿದರೆ ಎರಡನೇ ಮನೆಯಲ್ಲೇ ಒತ್ತು ಬಂದು ಕೂರುತ್ತದೆ. ಅದನ್ನು ನೋಡುವುದೇ ಅಮ್ಮನಿಗೆ ಒಂದು ಆಟ.

ಕೊನೆಯ ಕಿರಿಕಿರಿ: ಸರಿಯಾದ ಉತ್ತರ ಕೊಟ್ಟರೂ 'ತಪ್ಪು' ಎನ್ನುತ್ತಿತ್ತು. ನನ್ನ ಪದಪಟ್ಟಿ 'ನುಡಿ' ತಂತ್ರಾಂಶದ ಹಳೆಯ ಕಡತದಿಂದ ಯೂನಿಕೋಡಿಗೆ ತಂದದ್ದು. ಅದರಲ್ಲಿ 'ಕೋ' ಎಂಬುದರ ಎತ್ವ, ಕೊಂಬು, ದೀರ್ಘ ಬೇರೆ ಬೇರೆ ತುಂಡುಗಳಾಗಿದ್ದವು. ಕೀಬೋರ್ಡ್ ಒಂದೇ ಇಡಿಯಾಗಿ ಕೊಡುತ್ತದೆ. ನೋಡಲು ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ. ಎರಡನ್ನೂ ಒಂದೇ ರೂಪಕ್ಕೆ ತರುವ ನಾರ್ಮಲೈಸ್ ಎಂಬ ಫಂಕ್ಷನ್ನನ್ನು ಎರಡೂ ಕಡೆ ಹಾಕಿದ ಮೇಲೆ ಸರಿಯಾಯಿತು. ಅದೃಶ್ಯ ಜಾಯ್ನರ್‌ಗಳನ್ನು ನಾರ್ಮಲೈಸ್ ಮುಟ್ಟುವುದಿಲ್ಲ, ಅವನ್ನು ಹೋಲಿಸುವಾಗ ಮಾತ್ರ ನಾನೇ ತೆಗೆಯುತ್ತೇನೆ. ಒಡೆಯುವಾಗ ತೆಗೆದರೆ ಸಾಫ್ಟ್‌ವೇರ್ ಕೆಡುತ್ತದೆ.

ಹಾಗಂತ ಈ ಫಂಕ್ಷನ್ನನ್ನು ಎಲ್ಲ ಕಡೆ ತುರುಕಬೇಡಿ. ಕನ್ನಡ ಎಸ್‌ಎಂಎಸ್‌ಗೆ 70ರ ಮಿತಿ ಇದೆಯಲ್ಲ, ಅಲ್ಲಿ ಕೋಡ್ ಎಣಿಸುವ ಹಳೆಯ ಲೆಂಗ್ತ್ ಲೆಕ್ಕವೇ ಸರಿ. ಡೇಟಾಬೇಸ್ ಬೈಟ್ ಎಣಿಸುತ್ತಿದ್ದರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಕೋಡಿಗೂ 3 ಬೈಟ್.

ನನ್ನ ಟೆಸ್ಟ್ ಫೈಲಿನಲ್ಲಿ ಈಗಲೂ ಈ ಪದಗಳೂ ಅವುಗಳ ಮನೆ ಲೆಕ್ಕವೂ ಇವೆ, ಬೇಕಾದರೆ ತೊಗೊಳ್ಳಿ: ಕನ್ನಡ 3, ಶ್ರೀಕೃಷ್ಣ 3, ರಾಷ್ಟ್ರ 2, ದುಃಖ 2, ಬಸ್ 2, ಸಾಫ್ಟ್‌ವೇರ್ 4. ರಾಷ್ಟ್ರವನ್ನು ಪರದೆಯ ಮೇಲೂ ಒಮ್ಮೆ ನೋಡಿ. ನನ್ನ ಚೌಕದಲ್ಲಿ ಲೈನ್ ಹೈಟ್ (ಸಾಲಿನ ಎತ್ತರ) 1.2 ಇದ್ದಾಗ ಕೆಳಗಿನ ರ ಒತ್ತು ಅರ್ಧ ಕತ್ತರಿಸಿ ಹೋಗಿತ್ತು. 1.7 ಮಾಡಿದ ಮೇಲೆ ಪೂರ್ತಿ ಕಂಡಿತು.